ಸೋರಿಹೋದ ಹಾಲು

ಕರುವನ್ನು ಕಂಡ ಹಸು ಕೆಚ್ಚಲಿಗೆ ಹಾಲಿಳಿಸಿದರೆ 'ಸೊರೆ ಬಿಟ್ಟಿತು' ಎನ್ನುತ್ತೇವೆ. ಎಷ್ಟು ಸಲೀಸಾದ ಮಾತು! ಅದೇ ಸಂಗತಿ ಹೆತ್ತ ತಾಯಿಯ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ನಾಲಗೆ ತಡವರಿಸುತ್ತದೆ. ಮಗು ಒಂದು ಕಡೆ ಕುಡಿಯುತ್ತಿರುವಾಗ ಇನ್ನೊಂದು ಕಡೆಯಿಂದ ಹಾಲು ತಾನಾಗಿಯೇ ತೊಟ್ಟಿಕ್ಕುವುದು, ನೆರೆಮನೆಯ ಕೂಸು ಅತ್ತರೂ ರವಿಕೆ ತೊಯ್ಯುವುದು, ಬಾಣಂತನ ಕಂಡ ಯಾವ ಮನೆಗೆ ತಿಳಿಯದು? ಹೀಗೆ ಸೋರಿದ ಹಾಲು ಏನಾಯಿತು, ಅದನ್ನು ಯಾರಾದರೂ ಹಿಡಿದಿಟ್ಟರೆ, ಹಿಡಿದಿಟ್ಟು ಏನು ಮಾಡಿದರು ಎಂದು ಕೇಳಹೊರಟರೆ ಒಂದು ಸಣ್ಣ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಕವಿಗಳಿಗೆ ಈ ಹಾಲು ವಾತ್ಸಲ್ಯದ ಗುರುತು. ಜೈನಾಗಮಗಳಲ್ಲೊಂದಾದ 'ಅಂತಗಡದಸಾಓ' ದೇವಕಿಯ ಕಥೆಯನ್ನು ಹೇಳುತ್ತದೆ. ಭಿಕ್ಷೆಗೆ ಬಂದುಹೋದ ಆರು ಮಂದಿ ಮುನಿಗಳು ತನ್ನ ಹೊಟ್ಟೆಯಲ್ಲೇ ಹುಟ್ಟಿ ಬೇರೊಬ್ಬಳ ಮಡಿಲಲ್ಲಿ ಬೆಳೆದ ಮಕ್ಕಳೆಂದು ಆಕೆಗೆ ತಿಳಿಯುತ್ತದೆ. ಆ ಬೆಳೆದ ಮಕ್ಕಳನ್ನು ನೋಡಿದಾಗ ಆಕೆಯ ಎದೆಯಲ್ಲಿ ಹಾಲು ಉಕ್ಕುತ್ತದೆ. ಓದುವವನ ಕಣ್ಣು ಒದ್ದೆಯಾಗುತ್ತದೆ, ನಿಜ. ಆದರೆ ಹಾಲು ನೆಲಕ್ಕೆ ಬಿದ್ದಿತು. ಅದನ್ನು ಕುಡಿಯುವವರು ಯಾರೂ ಇರಲಿಲ್ಲ. ಕಾವ್ಯದ ಹಾಲು ಸಾಮಾನ್ಯವಾಗಿ ಹೀಗೆಯೇ.

ಹಾಲು ಪಾತ್ರೆಗೆ ಬಿದ್ದ ಕಥೆಯೂ ಒಂದುಂಟು. ತಮಿಳುನಾಡಿನ ಶೀರ್ಕಾಳಿಯಲ್ಲಿ, ಸ್ನಾನಕ್ಕೆ ಮುಳುಗಿದ ತಂದೆಯನ್ನು ಕಾಣದೆ ಅಳುತ್ತಿದ್ದ ಮಗುವಿಗೆ ಪಾರ್ವತಿ ತನ್ನ ಹಾಲನ್ನು ಹೊನ್ನಿನ ಬಟ್ಟಲಿಗೆ ಕರೆದು ಕೊಟ್ಟಳಂತೆ. ಆ ಮಗುವೇ ತಿರುಜ್ಞಾನಸಂಬಂಧರು. ಹನ್ನೆರಡನೆಯ ಶತಮಾನದ ಶೇಕ್ಕಿಳಾರರ ಪೆರಿಯಪುರಾಣ ಇದನ್ನು ವಿಸ್ತರಿಸಿ ಹೇಳುತ್ತದೆ. ಭಕ್ತರು ಇಲ್ಲಿ ಜ್ಞಾನವನ್ನು ಕಾಣುತ್ತಾರೆ. ನಾನು ಸದ್ಯಕ್ಕೆ ಬಟ್ಟಲನ್ನಷ್ಟೇ ಕಾಣುತ್ತಿದ್ದೇನೆ. ಹೆರವರ ಮಗುವಿಗೆ, ಪಾತ್ರೆಯಲ್ಲಿ, ತಾಯಿಹಾಲು!

ವೈದ್ಯರು ಕವಿಗಳಿಗಿಂತ ವ್ಯವಹಾರಸ್ಥರು. ಎದೆ ತುಂಬಿ ಬಿಗಿದಿರುವಾಗ ಮಗುವಿಗೆ ಹಾಗೆಯೇ ಕುಡಿಸಬಾರದು, ಮೊದಲು ಸ್ವಲ್ಪ ಹಾಲನ್ನು ಹರಿಯಬಿಡಬೇಕು, ಇಲ್ಲವಾದರೆ ಕೂಸಿಗೆ ಕೆಮ್ಮು ಉಬ್ಬಸ ವಾಂತಿಗಳು ಬಂದಾವು ಎಂದು ಸುಶ್ರುತಸಂಹಿತೆ ಎಚ್ಚರಿಸುತ್ತದೆ. ರಭಸದ ಹಾಲಿಗೆ ಉಸಿರು ಕಟ್ಟಿ ಕೆಮ್ಮುವ ಕೂಸನ್ನು ಕಂಡವರಿಗೆ ಈ ಮಾತಿನ ಹಿಂದಿನ ಅನುಭವ ಅರ್ಥವಾದೀತು. ಹಾಲನ್ನು ತಣ್ಣೀರಿಗೆ ಬಿಟ್ಟು, ಅದು ಒಂದಾಗಿ ಬೆರೆತರೆ ಶುದ್ಧವೆಂದು ತಿಳಿಯುವ ಪರೀಕ್ಷೆಯೂ ಅಲ್ಲಿದೆ. ಚರಕಸಂಹಿತೆ ಸ್ತ್ರೀಯ ಹಾಲನ್ನು ಔಷಧವಾಗಿಯೇ ಎಣಿಸಿ, ರಕ್ತಪಿತ್ತಕ್ಕೆ ನಸ್ಯವಾಗಿಯೂ ನೋಯುವ ಕಣ್ಣಿಗೆ ತರ್ಪಣವಾಗಿಯೂ ಹೇಳಿತು. ಕೆಂಗಣ್ಣಿಗೆ ಬಾಣಂತಿಯ ಹಾಲು ಹಿಂಡಿಸುತ್ತಿದ್ದ ನಮ್ಮ ಅಜ್ಜಿಯರು ಚರಕನನ್ನು ಓದಿದವರಲ್ಲ; ಆದರೂ ಪರಂಪರೆ ಒಂದೇ. (ಇಂದಿನ ಕಣ್ಣಿನ ವೈದ್ಯರು ಇದನ್ನು ಒಪ್ಪುವುದಿಲ್ಲ. ವಾಚಕರು ಪ್ರಯೋಗಕ್ಕೆ ಇಳಿಯದಿರುವುದು ಒಳ್ಳೆಯದು.)

ಔಷಧಕ್ಕೆ ಬೇಕಾದದ್ದು ನಾಲ್ಕು ಹನಿ. ಉಳಿದದ್ದು ಚೆಲ್ಲಿಹೋಯಿತು. ಚೆಲ್ಲಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ನಷ್ಟ ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲಿನದು. ಹಸುವಿನ ಗಿಣ್ಣನ್ನು ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ನೆರೆಮನೆಗೂ ಹಂಚಿ ತಿನ್ನುವ ನಾವು, ತಾಯಿಯ ಗಿಣ್ಣನ್ನು ಕೆಟ್ಟ ಹಾಲೆಂದು ಹಿಂಡಿ ಎಸೆಯಿಸುತ್ತ ಬಂದೆವು. ಮಗುವಿಗೆ ಜೇನನ್ನೋ ಸಕ್ಕರೆ ನೀರನ್ನೋ ನೆಕ್ಕಿಸಿದೆವು. ರೋಗನಿರೋಧಕ ಸತ್ತ್ವ ಬೇರೆ ಯಾವ ದಿನದ ಹಾಲಿಗಿಂತಲೂ ಆ ಹಳದಿ ಹಾಲಿನಲ್ಲಿ ಹೆಚ್ಚು. ಕರುವಿಗೆ ಕೊಟ್ಟ ನ್ಯಾಯವನ್ನು ಕೂಸಿಗೆ ಕೊಡಲಿಲ್ಲ.

ಇನ್ನು ಮಗು ಉಳಿಯದ ಮನೆ. ಕುಡಿಯುವ ಬಾಯಿಲ್ಲದಿದ್ದರೂ ಎದೆ ಅದನ್ನು ಅರಿಯದು. ದಕ್ಷಿಣ ಭಾರತದಲ್ಲಿ ಅಂಥ ತಾಯಿಯ ಎದೆಗೆ ಮಲ್ಲಿಗೆಯ ದಂಡೆ ಕಟ್ಟಿ ಹಾಲು ಬತ್ತಿಸುತ್ತಿದ್ದರು. ವೆಲ್ಲೂರಿನ ವೈದ್ಯರು ಇದನ್ನು ಮಾತ್ರೆಯೊಡನೆ ಹೋಲಿಸಿ ಪರೀಕ್ಷಿಸಿ, ಮಲ್ಲಿಗೆಯೂ ಕೆಲಸ ಮಾಡುತ್ತದೆಂದು ೧೯೮೮ರಲ್ಲಿ ಪ್ರಕಟಿಸಿದರು. ಮುಡಿಯುವ ಹೂವಿಗೆ ಇಂಥದೊಂದು ಕೆಲಸವೂ ಇತ್ತೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಹಾಗಾದರೆ ಹಿಂಡಿದ ಹಾಲನ್ನು ಕೂಸಿಗೇ ಕುಡಿಸುವ ಉಪಾಯ ನಮ್ಮಲ್ಲಿ ಇರಲಿಲ್ಲವೆ? ಇತ್ತು. ಅದರ ಹೆಸರು ಒಳಲೆ. ಒಂದು ಕಡೆ ಕೊಕ್ಕಿನಂತೆ ಚಾಚಿದ ಈ ಪುಟ್ಟ ಬಟ್ಟಲು ಬಡವರಲ್ಲಿ ಹಿತ್ತಾಳೆಯದು, ಅನುಕೂಲಸ್ಥರಲ್ಲಿ ತವರಿನಿಂದ ಬಂದ ಬೆಳ್ಳಿಯದು. ಹಸುವಿನ ಹಾಲು, ಔಷಧ, ಹರಳೆಣ್ಣೆ ಎಲ್ಲಕ್ಕೂ ಅದೇ. ಚೀಪಲು ಶಕ್ತಿಯಿಲ್ಲದ ಕೂಸಿಗೆ ತಾಯಿಯ ಹಾಲನ್ನು ಹಿಂಡಿ ಹಾಕುತ್ತಿದ್ದುದೂ ಅದರಲ್ಲಿಯೇ. ರಬ್ಬರಿನ ತೊಟ್ಟಿನ ಬಾಟಲಿ ಬಂದಮೇಲೆ ಒಳಲೆ ಅಟ್ಟ ಸೇರಿತು. ಆದರೆ ೧೯೯೯ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಮ್ಮ ದೇಶದ ವೈದ್ಯರು ನವಜಾತ ಶಿಶುಗಳಿಗೆ ಬಾಟಲಿ, ಲೋಟ, ಒಳಲೆ ಮೂರರಲ್ಲೂ ಕುಡಿಸಿ ನೋಡಿದಾಗ, ಕಡಮೆ ಹೊತ್ತಿನಲ್ಲಿ ಹೆಚ್ಚು ಹಾಲು ಒಳಗೆ ಹೋದದ್ದು ಒಳಲೆಯಿಂದ! ಅಟ್ಟದಿಂದ ಇಳಿಸಿ ಕುದಿಯುವ ನೀರಿನಲ್ಲಿ ತೊಳೆಯಬೇಕಾದ ವಸ್ತು ಅದು.

ಈ ಮಾತು ಯಾರಿಗೆ ಬೇಕು ಎಂದು ಕೇಳಿದರೆ ನನಗೆ ಕೂಡಲೆ ನೆನಪಾಗುವುದು ಸಕಲೇಶಪುರ, ಆಲೂರುಗಳ ಗುಡ್ಡಗಾಡು. ಅದರಲ್ಲಿಯೂ ಬಿಸಿಲೆ ಘಾಟಿಯ ದಾರಿಯ ವನಗೂರಿನ ಕಡೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಜರಾಬಾದ್ ಸೀಮೆಗೆ ಕಾಫಿ ತೋಟಗಳು ಹಬ್ಬಿದಂತೆ ಹೆಂಗಸರ ದುಡಿಮೆ ಗಂಟೆಯ ಲೆಕ್ಕಕ್ಕೆ ಬಂತು. ಸ್ವಂತ ಗದ್ದೆಯ ಬದುವಿನಲ್ಲಿ ಕೂಸನ್ನು ಮಲಗಿಸಿ ನಾಟಿ ಮಾಡುವುದು ಒಂದು. ಕೂಸನ್ನು ಲೈನುಮನೆಯಲ್ಲಿ ಅಜ್ಜಿಯ ಬಳಿ ಬಿಟ್ಟು, ಮೇಸ್ತ್ರಿಯ ಕಣ್ಣೆದುರು ಸಂಜೆಯವರೆಗೆ ಹಣ್ಣು ಬಿಡಿಸುವುದು ಇನ್ನೊಂದು. ೧೯೫೧ರ ತೋಟ ಕಾರ್ಮಿಕರ ಕಾಯಿದೆ ೫೦ ಮಂದಿ ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೊಠಡಿ ಇರತಕ್ಕದ್ದೆಂದಿತು. ೧೯೬೧ರ ಹೆರಿಗೆ ಸೌಲಭ್ಯ ಕಾಯಿದೆ ಮಗುವಿಗೆ ೧೫ ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವನ್ನು ಕೊಟ್ಟಿತು. ಆದರೆ ೫೦ ಮಂದಿ ಇಲ್ಲದ ಸಣ್ಣ ತೋಟ ಆ ಕೊಠಡಿಯ ಲೆಕ್ಕಕ್ಕೇ ಬರಲಿಲ್ಲ. ಗುಡ್ಡ ಇಳಿದು ಹತ್ತಿ ಬರುವಷ್ಟು ಬಿಡುವು ಎಷ್ಟು ಮಂದಿಗೆ ಸಿಕ್ಕೀತು? ರಾಜ್ಯದಲ್ಲಿ ೨೦೨೩ರಿಂದೀಚೆಗೆ ಗ್ರಾಮಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳು ತೆರೆದವು. ಅವು ಮುಖ್ಯವಾಗಿ ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವವರಿಗಾಗಿ ಬಂದವು. ಇತ್ತ ತೋಟದಲ್ಲಿ ಹಾಲು ರವಿಕೆಯನ್ನು ನೆನೆಸುತ್ತದೆ, ಅತ್ತ ಕೂಸು ನೀರು ಬೆರೆಸಿದ ಹಸುವಿನ ಹಾಲಿಗೆ ಬಾಯಿ ತೆರೆಯುತ್ತದೆ. ಎರಡರ ನಡುವೆ ಇರುವುದು ಒಂದು ಗುಡ್ಡ.

ನಗರಗಳು ಇದಕ್ಕೊಂದು ದಾರಿ ಕಂಡುಕೊಂಡಿವೆ. ೧೯೦೯ರಲ್ಲಿ ವಿಯೆನ್ನಾದಲ್ಲಿ ಮೊದಲ ತಾಯಿಹಾಲಿನ ಬ್ಯಾಂಕು ತೆರೆಯಿತು. ನಮ್ಮ ದೇಶದಲ್ಲಿ ೧೯೮೯ರಲ್ಲಿ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ಅಂಥದನ್ನು ಆರಂಭಿಸಿದರು. ಏಷ್ಯಕ್ಕೇ ಅದು ಮೊದಲನೆಯದು. ೨೦೨೨ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಹಾಲಿನ ಬ್ಯಾಂಕು ಬಂತು. ದಾನಿಯ ರಕ್ತ ಪರೀಕ್ಷಿಸಿ, ಹಾಲನ್ನು ೬೨.೫ ಡಿಗ್ರಿ ಉಷ್ಣದಲ್ಲಿ ೩೦ ನಿಮಿಷ ಕಾಯಿಸಿ, ಶೈತ್ಯದಲ್ಲಿಟ್ಟು, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಕೊಡುತ್ತಾರೆ. ಶೀರ್ಕಾಳಿಯ ಬಟ್ಟಲು ಆಸ್ಪತ್ರೆಗೆ ಬಂದಂತಾಯಿತು. ಮಾರಾಟ ಮಾತ್ರ ಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ೨೦೨೪ರ ಮೇ ತಿಂಗಳಲ್ಲಿ ಖಂಡಿತವಾಗಿ ಹೇಳಿತು. ಅದು ಸರಿಯೇ, ಬೆಲೆ ಕಟ್ಟಿದರೆ ಮೊದಲು ಹಸಿಯುವುದು ಬಡವಿಯ ಮಗು.

ವನಗೂರಿನಿಂದ ಬೆಂಗಳೂರು ಇನ್ನೂರಕ್ಕೂ ಹೆಚ್ಚು ಕಿಲೋಮೀಟರು. ಅಲ್ಲಿನ ಮಳೆಗಾಲದ ವಿದ್ಯುತ್ತನ್ನು ನಂಬಿ ಹಾಲನ್ನು ಶೈತ್ಯಪೆಟ್ಟಿಗೆಯಲ್ಲಿಡುವುದೂ ಕಷ್ಟ. ಅಲ್ಲಿ ನಡೆಯತಕ್ಕದ್ದು ಚಿಕ್ಕ ಉಪಾಯ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಕೂಸು ಒಂದು ಕಡೆ ಕುಡಿಯುವಾಗ ಇನ್ನೊಂದು ಕಡೆ ತೊಟ್ಟಿಕ್ಕುವ ಹಾಲನ್ನು ಕುದಿಸಿ ಆರಿಸಿದ ಸ್ಟೀಲು ಬಟ್ಟಲಿಗೆ ಹಿಡಿಯುವುದು. ತಾನಾಗಿ ಸೋರಿದ ಹಾಲಿನಲ್ಲಿ ಕೊಬ್ಬು ಕಡಮೆ, ಏಕೆಂದರೆ ಗಟ್ಟಿಹಾಲು ಬರುವುದು ಎದೆ ಬರಿದಾಗುತ್ತ ಬಂದಾಗ. ಆದ್ದರಿಂದ ಕೈಯಿಂದಲೂ ಇನ್ನಷ್ಟು ಹಿಂಡಿ ಬೆರೆಸಬೇಕು. ರವಿಕೆಯೊಳಗೆ ದಿನವಿಡೀ ಇಟ್ಟುಕೊಳ್ಳುವ ಚಿಪ್ಪುಗಳಲ್ಲಿ ಕೂಡಿದ ಹಾಲು ಬೇಡ, ಮೈಯ ಬಿಸಿಗೆ ಅದರಲ್ಲಿ ಕ್ರಿಮಿ ಬೆಳೆಯುತ್ತದೆ. ಮುಚ್ಚಿದ ಬಟ್ಟಲು ಮನೆಯ ತಣ್ಣನೆಯ ಮೂಲೆಯಲ್ಲಿ ನಾಲ್ಕು ಗಂಟೆ ತಡೆಯುತ್ತದೆ. ಮಲೆನಾಡಿನ ಚಳಿ ಈ ಒಂದು ವಿಷಯದಲ್ಲಿ ಉಪಕಾರಿ. ಏಳು ಗಂಟೆಗೆ ಹಿಡಿದದ್ದನ್ನು ಅಜ್ಜಿ ಹನ್ನೊಂದರೊಳಗೆ ಒಳಲೆಯಲ್ಲಿ ಕುಡಿಸಿ ಮುಗಿಸಬೇಕು.