ಪ್ಲಿಮತ್ ಬಂದರಿನ ಅಲೆತಡೆ

ಆಂಗ್ಲ ದೇಶದ ನೈರುತ್ಯ ಭಾಗದಲ್ಲಿರುವ ಪ್ಲಿಮತ್ ಪಟ್ಟಣದ ‘ಹೋ’ ಎಂಬ ದಿಬ್ಬದ ಮೇಲೆ, ಬಿಸಿಲು ಚೆನ್ನಾಗಿ ಬಿದ್ದ ದಿನ ನಿಂತು ದಕ್ಷಿಣಕ್ಕೆ ನೋಡಿದರೆ, ಸುಮಾರು ಎರಡು ಮೈಲಿಯ ಆಚೆ ನೀರಿನ ಮೇಲೆ ಮಸಿಯಿಂದ ಎಳೆದಂತಹ ಗೆರೆಯೊಂದು ಕಾಣುವುದು. ಗೆರೆಯ ಈಚೆಗೆ ನೀರು ಕೆರೆಯಂತೆ ಶಾಂತವಾಗಿರುವುದು, ಆಚೆಗೆ ಕಡಲು. ಇದೇ ಪ್ಲಿಮತ್ತಿನ ಪ್ರಸಿದ್ಧವಾದ ಅಲೆತಡೆ. ಇದು ಜಾನ್ ರೆನ್ನಿ ಎಂಬ ಎಂಜಿನಿಯರನ ಕೃತಿಯೆಂದು ಪ್ರತೀತಿ. ಈ ಮಾತು ಸುಳ್ಳಲ್ಲ. ಆದರೆ ದೋಣಿಯಲ್ಲಿ ಅಲ್ಲಿಗೆ ಹೋಗಿ, ನೀರು ಇಳಿದಿರುವ ವೇಳೆಯಲ್ಲಿ ಕಟ್ಟೆಯ ಎರಡು ಮಗ್ಗುಲುಗಳನ್ನೂ ನೋಡುವವನಿಗೆ, ಅದು ಅರ್ಧ ಸತ್ಯವೆಂದು ತೋರದಿರದು. ಒಳಮಗ್ಗುಲು ಕಡಿದು, ಎರಡು ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಇಳಿಯುವುದು. ಕಡಲಿನ ಕಡೆಯದು ಐದು ಅಡಿಗೆ ಒಂದು ಅಡಿಯಂತೆ ನೀಳವಾಗಿ ಚಾಚಿಕೊಂಡಿದೆ. ಮೊದಲು ಕಟ್ಟಲು ಹೊರಟದ್ದಾದರೋ ಮೂರಕ್ಕೆ ಒಂದರ ಇಳಿಜಾರು. ಈ ಪಾಠಾಂತರವು ಎಲ್ಲಿಂದ ಬಂದಿತೆಂಬುದು ವಿಚಾರಾರ್ಹವಾಗಿದೆ.

ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದ ಆ ಕಾಲದಲ್ಲಿ, ಬ್ರೆಸ್ಟ್ ಬಂದರನ್ನು ಮುತ್ತಿ ಕಾಯುತ್ತಿದ್ದ ಆಂಗ್ಲ ನೌಕೆಗಳಿಗೆ ಸಮೀಪದಲ್ಲಿ ಆಶ್ರಯಸ್ಥಾನವೊಂದು ಬೇಕಾಗಿತ್ತು. ಪ್ಲಿಮತ್ ಕೊಲ್ಲಿ ವಿಶಾಲವಾದುದು. ಆದರೆ ದಕ್ಷಿಣಕ್ಕೆ ಬಾಗಿಲು ತೆರೆದ ಮನೆ. ಗಾಳಿ ನೈರುತ್ಯದಿಂದ ಎದ್ದರೆ ಒಳಗಿದ್ದ ಹಡಗುಗಳಿಗೆ ರಕ್ಷಣೆಯಿಲ್ಲ. 1806ರಲ್ಲಿ ನೌಕಾಧಿಪತಿಯಾದ ಸೇಂಟ್ ವಿನ್ಸೆಂಟನ ಅಪೇಕ್ಷೆಯಂತೆ ರೆನ್ನಿಯೂ ಜೋಸೆಫ್ ವಿಡ್‌ಬಿಯೂ ಒಂದು ಯೋಜನೆಯನ್ನು ಒಪ್ಪಿಸಿದರು. ಈ ವಿಡ್‌ಬಿ ಹಿಂದೆ ವ್ಯಾಂಕೂವರನೊಡನೆ ಅಮೆರಿಕದ ವಾಯವ್ಯ ತೀರವನ್ನು ಅಳೆದವನು. ಅಲ್ಲಿಯ ದ್ವೀಪವೊಂದಕ್ಕೆ ಅವನ ಹೆಸರು ಇಂದಿಗೂ ಉಂಟು. ಕೊಲ್ಲಿಯ ನಡುವೆ ನೀರಿನೊಳಗೆ ಅಡಗಿದ್ದ ಬಂಡೆಗಳನ್ನು ಆಶ್ರಯಿಸಿ 1,700 ಗಜ ಉದ್ದದ ಕಟ್ಟೆ. ಅದರಲ್ಲಿ ನಡುವಣ 1,000 ಗಜ ನೆಟ್ಟಗೆ, ಇಕ್ಕೆಲದ 350 ಗಜಗಳು ದಡದ ಕಡೆಗೆ ಬಾಗಿದ ರೆಕ್ಕೆಗಳು. ಯಾವ ಕೊನೆಯೂ ದಡವನ್ನು ಮುಟ್ಟಕೂಡದು. ಮುಟ್ಟಿದರೆ ಭರತ ಇಳಿತಗಳ ಓಟ ನಿಂತು ಬಂದರಿನಲ್ಲಿ ಹೂಳು ತುಂಬುವುದು. ಐದು ವರ್ಷಗಳ ಚರ್ಚೆಯ ತರುವಾಯ ಅಪ್ಪಣೆಯಾಗಿ, 1812ರ ಆಗಸ್ಟ್ 12ರಂದು ಮೊದಲನೆಯ ಕಲ್ಲು ಕಡಲಿಗೆ ಬಿದ್ದಿತು.

ಕಲ್ಲು ಬಂದದ್ದು ಓರೆಸ್ಟನ್ ಎಂಬಲ್ಲಿಯ ಸುಣ್ಣಗಲ್ಲಿನ ಗಣಿಗಳಿಂದ. ಹಡಗುಗಳ ಹಿಂಬದಿಯಲ್ಲಿ ಬಾಗಿಲುಗಳನ್ನು ಮಾಡಿ, ಒಳಗೆ ಕಂಬಿ ಹಾಸಿ, ಕಲ್ಲು ಹೇರಿದ ಬಂಡಿಗಳನ್ನು ಒಂದೊಂದಾಗಿ ಉರುಳಿಸಿ ತಂದು ನೀರಿಗೆ ಸುರಿಯುತ್ತಿದ್ದರು. ಗಣಿ ತೋಡುವಾಗ ಗುಹೆಯೊಂದರಲ್ಲಿ ಖಡ್ಗಮೃಗದ ಎಲುಬುಗಳು ಸಿಕ್ಕಿ, ವಿಡ್‌ಬಿಯ ಮೂಲಕ 1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂದುವು. ಬಂದರಿಗೆಂದು ಅಗೆದ ಗುಂಡಿ ಭೂಶಾಸ್ತ್ರಕ್ಕೂ ಉಪಕಾರವಾಯಿತು. 1815ರಲ್ಲಿ ಸೆರೆಯಾದ ನೆಪೋಲಿಯನ್ ಬೆಲೆರೊಫಾನ್ ನೌಕೆಯಲ್ಲಿ ಇದೇ ಕೊಲ್ಲಿಗೆ ಬಂದಾಗ ಈ ಕೆಲಸವನ್ನು ಕಂಡು ಮೆಚ್ಚಿದನೆಂದು ಹೇಳುವರು. ಅವನ ಭಯದಿಂದಲೇ ಹುಟ್ಟಿದ ಕಟ್ಟೆಯಲ್ಲವೆ!

ಎರಡು ವರ್ಷ ಕಳೆಯುವುದರೊಳಗಾಗಿ ಕಡಲು ತನ್ನ ಅಭಿಪ್ರಾಯವನ್ನು ತಿಳಿಸಿತು. 1817ರ ಜನವರಿಯ ಬಿರುಗಾಳಿಯಲ್ಲಿ, ಕಟ್ಟೆಯ ಮರೆ ಇನ್ನೂ ಮುಟ್ಟದಿದ್ದ ಕಡೆ ಲಂಗರು ಹಾಕಿದ್ದ ‘ಜ್ಯಾಸ್ಪರ್’, ‘ಟೆಲಿಗ್ರಾಫ್’ ಎಂಬ ಎರಡು ನೌಕೆಗಳು ಒಡೆದು ಹಾಳಾದುವು. ಕಟ್ಟೆಯ ಮೇಲ್ಭಾಗದ ಟನ್ನುಗಟ್ಟಲೆ ತೂಕದ ಕಲ್ಲುಗಳು ಎದ್ದು, ನೆತ್ತಿಯನ್ನು ದಾಟಿ, ಒಳಮಗ್ಗುಲಿಗೆ ಉರುಳಿದುವು. ಗಾಳಿ ನಿಂತ ಮೇಲೆ ಹೊರಮಗ್ಗುಲನ್ನು ಅಳೆದರೆ ಐದಕ್ಕೆ ಒಂದಾಗಿತ್ತು. ಇದನ್ನು ಹಾನಿಯೆಂದೇ ಎಣಿಸಿ ಪುನಃ ಮೂರಕ್ಕೆ ಒಂದರಂತೆ ಕಟ್ಟಿದರು. 1821ರಲ್ಲಿ ರೆನ್ನಿ ತೀರಿಕೊಂಡನು. 1824ರ ನವೆಂಬರಿನಲ್ಲಿ ಇನ್ನೂ ದೊಡ್ಡ ಬಿರುಗಾಳಿ ಎದ್ದು, ತಿದ್ದಿದ್ದನ್ನೆಲ್ಲ ಅಳಿಸಿ, ಮತ್ತೆ ಅದೇ ಐದಕ್ಕೆ ಒಂದರ ಇಳಿಜಾರನ್ನೇ ಮಾಡಿಟ್ಟು ಹೋಯಿತು. ದೂರದೂರದ ಎರಡು ಓಲೆಯ ಪ್ರತಿಗಳಲ್ಲಿ ಒಂದೇ ಪಾಠ ದೊರೆತರೆ ಸಂಪಾದಕನು ಅದನ್ನು ಲಿಪಿಕಾರನ ಪ್ರಮಾದವೆಂದು ತಳ್ಳಿಹಾಕುವಂತಿಲ್ಲ. ಎಂಜಿನಿಯರುಗಳೂ ಹಾಗೆಯೇ ಮಾಡಬೇಕಾಯಿತು. ಅಲ್ಲಿಂದ ಮುಂದಕ್ಕೆ ಐದಕ್ಕೆ ಒಂದೇ ಸ್ಥಿರವಾಯಿತು.

ಇದರಿಂದ ರೆನ್ನಿಯ ಕೀರ್ತಿಗೆ ಕುಂದೇನೂ ಇಲ್ಲ. ಕಟ್ಟೆಯ ನಿವೇಶನ, ಬಾಗು, ಎರಡು ಕೊನೆಗಳ ತೆರಪು, ಇವು ಯೋಜನೆಯಲ್ಲಿದ್ದಂತೆಯೇ ನಿಂತಿವೆ. ಅಲೆಗಳು ತಿದ್ದಬಹುದಾದ ಸಡಿಲ ಕಲ್ಲಿನ ರಾಶಿಯನ್ನು ಆರಿಸಿಕೊಂಡದ್ದೇ ಅವನ ಜಾಣತನವೆನ್ನಬೇಕು. ಮದರಾಸಿನ ಬಂದರಿನಲ್ಲಿ ಕಾಂಕ್ರೀಟಿನ ದಿಮ್ಮಿಗಳನ್ನು ಗೋಡೆಯಂತೆ ಪೇರಿಸಿ ಕಟ್ಟಿದ ಅಲೆತಡೆಗಳನ್ನು 1881ರ ನವೆಂಬರಿನ ಚಂಡಮಾರುತವು ತಿದ್ದಲಿಲ್ಲ, ಕೆಡವಿತು.

ಕಟ್ಟೆಯ ಕೆಲಸ ಮುಗಿಯಿತೆಂದದ್ದು 1841ರಲ್ಲಿ; ಅಷ್ಟರೊಳಗೆ ಸುಮಾರು 40 ಲಕ್ಷ ಟನ್ನು ಕಲ್ಲೂ 15 ಲಕ್ಷ ಪೌಂಡುಗಳೂ ಕಡಲಿನ ಪಾಲಾಗಿದ್ದುವು. ಪಶ್ಚಿಮದ ಕೊನೆಯಲ್ಲಿರುವ ದೀಪಸ್ತಂಭವನ್ನು 1844ರಲ್ಲಿ ಬೆಳಗಿಸಿದರು. ಪೂರ್ವದ ಕೊನೆಯಲ್ಲಿ ಎತ್ತರವಾದ ಕಂಬವೊಂದರ ತುದಿಗೆ ಗುಂಡನೆಯ ಕಬ್ಬಿಣದ ಪಂಜರವಿದೆ. ಹಡಗು ಒಡೆದು ಕಟ್ಟೆಯನ್ನು ಸೇರಿದವರು, ಅಲೆಗಳು ನೆತ್ತಿಯನ್ನು ದಾಟುವಾಗ ಏರಿ ಕುಳಿತು ಸಹಾಯಕ್ಕಾಗಿ ಕಾಯಲೆಂದು ಅದನ್ನು ಇಟ್ಟಿರುವುದು; ಆರು ಮಂದಿಗೆ ಸ್ಥಳವುಂಟು. ಬಿಸಿಲಿನ ದಿನ ಬಂದವರು ಅದನ್ನು ಅಲಂಕಾರವೆಂದು ತಿಳಿಯುವುದುಂಟು. ಹೊರಮಗ್ಗುಲಿನಲ್ಲಿ ಒಂದೊಂದು ನೂರು ಟನ್ನು ತೂಗುವ ಕಾಂಕ್ರೀಟಿನ ದಿಮ್ಮಿಗಳು ಬಿದ್ದಿವೆ. ಅಲೆಯ ಮೊದಲ ಪೆಟ್ಟು ತಮ್ಮ ಮೇಲೆ ಬೀಳಲೆಂದು ಕಾಲಕಾಲಕ್ಕೆ ಹಾಕಿದ ದಿಮ್ಮಿಗಳಿವು. ಇವುಗಳನ್ನೂ ಕಡಲು ತನಗೆ ಸರಿತೋರಿದ ಕಡೆಗೆ ಸರಿಸಿಕೊಂಡಿದೆ.