ಇಂಜಿನಿಯರಿಂಗ್ ಶಿಕ್ಷಣದಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗೆ ಸಮಾನ ಅವಕಾಶ: ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಕಾರವಾರ ತಾಲ್ಲೂಕಿನ ಮಾಜಾಳಿಯಲ್ಲಿ 2007ರಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಇದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿದೆ. ಹುಬ್ಬಳ್ಳಿ, ಬೆಳಗಾವಿಗಳಂತಹ ದೂರದ ನಗರಗಳಲ್ಲಿ ಮಕ್ಕಳನ್ನು ಇರಿಸಿ ಓದಿಸಲಾಗದ ಕರಾವಳಿಯ ಕುಟುಂಬಗಳಿಗೆ ತಾಂತ್ರಿಕ ಪದವಿ ಇದರಿಂದ ಹತ್ತಿರವಾಗಿದೆ. ವಿಕಲಚೇತನ ವಿದ್ಯಾರ್ಥಿಗಳಿಗೆ ಈ ಸಾಮೀಪ್ಯದ ಬೆಲೆ ಇನ್ನೂ ಹೆಚ್ಚು. ಆದರೆ ಸೀಟು ದೊರೆತ ಮಾತ್ರಕ್ಕೆ ಸಮಾನತೆ ದೊರೆತಂತಾಗುವುದಿಲ್ಲ. ತರಗತಿ, ಪ್ರಯೋಗಾಲಯ, ಪರೀಕ್ಷಾ ಕೊಠಡಿ ಈ ಮೂರೂ ಕಡೆ ವಿದ್ಯಾರ್ಥಿಯು ಇತರರೊಡನೆ ಸಮನಾಗಿ ಕಲಿಯುವಂತಿರಬೇಕು. ಇದಕ್ಕಾಗಿ ಕಾನೂನು ನೀಡಿರುವ ಹಕ್ಕುಗಳನ್ನೂ ಅವುಗಳನ್ನು ಪಡೆಯುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಕಾನೂನಿನ ಆಧಾರ

1995ರ ಅಧಿನಿಯಮದಲ್ಲಿ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 3ರಷ್ಟು ಮೀಸಲಾತಿ ಇತ್ತು. ಅದರ ಬದಲಿಗೆ ಬಂದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-04-2017ರಿಂದ ಜಾರಿಯಲ್ಲಿದೆ. ಇದು 21 ಬಗೆಯ ವಿಕಲತೆಗಳನ್ನು ಗುರುತಿಸುತ್ತದೆ. ಕಲಂ 32ರ ಪ್ರಕಾರ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು, ಶೇಕಡಾ 40 ಅಥವಾ ಹೆಚ್ಚಿನ ವಿಕಲತೆಯುಳ್ಳವರಿಗೆ ಕಾಯ್ದಿರಿಸಬೇಕು.

ಮೀಸಲಾತಿಗಿಂತ ಕಡಿಮೆ ಪರಿಚಿತವಾದ, ಆದರೆ ಅಷ್ಟೇ ಮುಖ್ಯವಾದ ಹಕ್ಕು 'ಸಮಂಜಸ ಹೊಂದಾಣಿಕೆ'. ಸಂಸ್ಥೆಗೆ ಮಿತಿಮೀರಿದ ಹೊರೆಯಾಗದಂತೆ, ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಬದಲಾವಣೆಗಳನ್ನು ಮಾಡಿಕೊಡುವುದೇ ಇದರ ಅರ್ಥ. ಇದು ದಯೆಯಲ್ಲ, ಕಲಂ 16ರ ಅನ್ವಯ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳ ಕರ್ತವ್ಯ.

ಪ್ರವೇಶಕ್ಕೆ ಮುನ್ನ

1. ವಿಶಿಷ್ಟ ಗುರುತಿನ ಚೀಟಿ (ಯು.ಡಿ.ಐ.ಡಿ.): ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ಸೂಚಿಸಿದ ಆಸ್ಪತ್ರೆಯಲ್ಲಿ ತಪಾಸಣೆಗೆ ಹಾಜರಾಗಬೇಕು. 2024ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ ಪ್ರಮಾಣಪತ್ರ ನೀಡಲು ಮೂರು ತಿಂಗಳ ಅವಧಿ ಇದೆ. ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಅರ್ಜಿ ಹಾಕಿದರೆ ಅರ್ಹತೆ ಇದ್ದೂ ಆ ವರ್ಷದ ಮೀಸಲು ಸೀಟು ಕೈತಪ್ಪಬಹುದು. ಆದ್ದರಿಂದ ದ್ವಿತೀಯ ಪಿ.ಯು.ಸಿ. ಆರಂಭದಲ್ಲಿಯೇ ಅರ್ಜಿ ಸಲ್ಲಿಸುವುದು ಕ್ಷೇಮ. ತಾತ್ಕಾಲಿಕ ಪ್ರಮಾಣಪತ್ರ ಹೊಂದಿದವರು ಅದರ ಅವಧಿ ಮುಗಿಯುವ ದಿನಾಂಕವನ್ನು ಪರಿಶೀಲಿಸಿಕೊಳ್ಳಬೇಕು.

2. ಸಾಮಾನ್ಯ ಪ್ರವೇಶ ಪರೀಕ್ಷೆ: ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಜಿಯಲ್ಲಿಯೇ ವಿಕಲಚೇತನ ಪ್ರವರ್ಗವನ್ನು ನಮೂದಿಸಬೇಕು. ಲಿಪಿಕಾರರ ನೆರವು ಬೇಕಿದ್ದಲ್ಲಿ ಆಗಲೇ ಕೋರತಕ್ಕದ್ದು. ವೈದ್ಯಕೀಯ ಪರಿಶೀಲನೆಯ ದಿನಾಂಕವನ್ನು ಪ್ರಾಧಿಕಾರದ ಪ್ರಕಟಣೆಯಲ್ಲಿ ತಪ್ಪದೆ ನೋಡಿಕೊಳ್ಳುವುದು.

ಪ್ರವೇಶ ದೊರೆತ ನಂತರ

ವಿದ್ಯಾರ್ಥಿಯ ಅಗತ್ಯವೇನೆಂಬುದನ್ನು ಕಾಲೇಜು ಊಹಿಸಲಾರದು. ಪ್ರವೇಶದ ದಿನವೇ ಪ್ರಾಂಶುಪಾಲರಿಗೆ ಲಿಖಿತ ಮನವಿ ನೀಡಿ, ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು. ಮನವಿಯಲ್ಲಿ 'ಸೌಲಭ್ಯ ಒದಗಿಸಿ' ಎಂದು ಬರೆಯುವುದಕ್ಕಿಂತ ಬೇಕಾದುದನ್ನು ಸ್ಪಷ್ಟವಾಗಿ ಹೇಳುವುದು ಫಲಕಾರಿ. ಉದಾಹರಣೆಗೆ:

ಅ) ಗಾಲಿಕುರ್ಚಿ ಬಳಸುವವರಿಗೆ: ತರಗತಿಯನ್ನು ನೆಲಮಹಡಿಗೆ ವರ್ಗಾಯಿಸುವುದು, ತಗ್ಗಿಸಿದ ಡ್ರಾಯಿಂಗ್ ಮೇಜು, 1:12ಕ್ಕಿಂತ ಕಡಿದಲ್ಲದ ಇಳಿಜಾರು ದಾರಿ. ಕರಾವಳಿಯಲ್ಲಿ ಮಳೆಗಾಲದುದ್ದಕ್ಕೂ ನೆಲ ಪಾಚಿಗಟ್ಟುವುದರಿಂದ ಆ ದಾರಿಗೆ ಜಾರದ ಹಾಸು, ಕೈಹಿಡಿ ಮತ್ತು ಮೇಲ್ಛಾವಣಿ ಅವಶ್ಯ.

ಆ) ಶ್ರವಣದೋಷವುಳ್ಳವರಿಗೆ: ಪ್ರಯೋಗಾಲಯದ ಸೂಚನೆಗಳು ಬರಹದಲ್ಲಿ, ಯಂತ್ರಶಾಲೆಯಲ್ಲಿ ಗಂಟೆಯ ಜೊತೆಗೆ ದೀಪದ ಎಚ್ಚರಿಕೆ.

ಇ) ದೃಷ್ಟಿದೋಷವುಳ್ಳವರಿಗೆ: ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಹೊಂದುವ ಪಠ್ಯ. ಪುಟಗಳ ಛಾಯಾಚಿತ್ರ ಈ ಉದ್ದೇಶಕ್ಕೆ ಸಾಲದು.

ಪರೀಕ್ಷೆಗಳು

ಲಿಪಿಕಾರರು ಮತ್ತು ಹೆಚ್ಚುವರಿ ಸಮಯಕ್ಕಾಗಿ ಪ್ರಾಂಶುಪಾಲರ ಮೂಲಕ ವಿಶ್ವವಿದ್ಯಾಲಯಕ್ಕೆ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಸಮಯವನ್ನು ನಿಗದಿಪಡಿಸಿದವು. ವಿಕಲತೆ ಶೇಕಡಾ 40ಕ್ಕಿಂತ ಕಡಿಮೆ ಎಂಬ ಕಾರಣದಿಂದ ಬರೆಯಲು ಕಷ್ಟವಿರುವ ಅಭ್ಯರ್ಥಿಗೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ವಿಕಾಸ್ ಕುಮಾರ್ ಪ್ರಕರಣದಲ್ಲಿ ದಿನಾಂಕ 11-02-2021ರಂದು ತೀರ್ಪು ನೀಡಿದೆ. ಹೀಗಾಗಿ ಮೀಸಲು ಸೀಟಿಗೆ ಅರ್ಹರಲ್ಲದವರೂ ವೈದ್ಯಕೀಯ ದಾಖಲೆಯೊಡನೆ ಈ ನೆರವನ್ನು ಕೋರಬಹುದು.

ಆರ್ಥಿಕ ನೆರವು ಮತ್ತು ಪ್ರಯಾಣ

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ 'ಸಕ್ಷಮ್' ಯೋಜನೆಯಡಿ ಅರ್ಹರಿಗೆ ವಾರ್ಷಿಕ ರೂ. 50,000 ವಿದ್ಯಾರ್ಥಿವೇತನವಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವಿಕಲತೆ ಇರಬೇಕು; ಕುಟುಂಬದ ವಾರ್ಷಿಕ ಆದಾಯ ರೂ. 8 ಲಕ್ಷ ಮೀರಿರಬಾರದು. ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

ಅಂಕೋಲಾದಿಂದ ಮಾಜಾಳಿಗೆ ಬರುವವರು ಕಾರವಾರ ದಾಟಿ, ಕಾಳಿ ನದಿಯ ಸೇತುವೆಯ ಮೂಲಕ ಸಾಗಬೇಕು. ಸಾರಿಗೆ ಸಂಸ್ಥೆಯ ವಿಕಲಚೇತನರ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿ.ಮೀ. ವರೆಗೆ ಅನ್ವಯಿಸುವುದರಿಂದ ಈ ದೂರ ಅದರೊಳಗೇ ಬರುತ್ತದೆ.

ಕುಂದುಕೊರತೆ ನಿವಾರಣೆ

ಮನವಿಗೆ ಸ್ಪಂದನೆ ದೊರೆಯದಿದ್ದಲ್ಲಿ ಮೊದಲು ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ದೂರು ಸಲ್ಲಿಸುವುದು. ಹಕ್ಕು ನಿರಾಕರಣೆಯ ದೂರನ್ನು ವಿಕಲಚೇತನರ ರಾಜ್ಯ ಆಯುಕ್ತರಿಗೂ ಸಲ್ಲಿಸಬಹುದು. ಕಲಂ 80ರಡಿ ಅವರಿಗೆ ವಿಚಾರಣೆಯ ಅಧಿಕಾರವಿದೆ. ಆಯುಕ್ತರು ಶಿಫಾರಸು ಮಾಡಿದಲ್ಲಿ, ಸಂಬಂಧಿಸಿದ ಪ್ರಾಧಿಕಾರವು ಕೈಗೊಂಡ ಕ್ರಮವನ್ನು ಮೂರು ತಿಂಗಳೊಳಗೆ ಅವರಿಗೆ ತಿಳಿಸಬೇಕು. ಪ್ರವೇಶದ ದಿನ ಪಡೆದ ಸ್ವೀಕೃತಿ ಇಲ್ಲಿ ಪ್ರಮುಖ ದಾಖಲೆಯಾಗುತ್ತದೆ.

ಸಂಪರ್ಕ

ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗುತ್ತಾರೆ. ಹೆಚ್ಚಿನ ಮಾಹಿತಿಗೆ ಕಾರವಾರದಲ್ಲಿರುವ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.