ಅಗಳಿ, ಚಿಲಕ, ಬಳೆ: ಅಡುಗೆಮನೆಗೆ ಮರಳಿದ ಹಳೆಯ ಕಬ್ಬಿಣ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲೂ ಈಗ ಹೊಸ ಮನೆ ಎಂದರೆ ಅಡುಗೆಮನೆಯ ಗೋಡೆಗೆ ಮರದ ಕಪಾಟು ಇರಲೇಬೇಕು. ಅದರ ಬಾಗಿಲಿಗೆ ಹೊಳೆಯುವ ಸ್ಟೀಲ್ ಹಿಡಿಯ ಬದಲು ಹಳೆ ಮನೆಯ ಚಿಲಕದಂತೆ ಕಾಣುವ ಕಪ್ಪು ಕಬ್ಬಿಣದ ಬಳೆ, ಕೊಂಡಿ, ಉಬ್ಬುಮೊಳೆ ಬೇಕೆಂದು ಕೇಳುವವರೂ ಇದ್ದಾರೆ. ಈ ಹಳ್ಳಿಯ ನೋಟಕ್ಕೆ ಮೂಲವಾದ ಸಾಮಾನು ನಿಜಕ್ಕೂ ಹೇಗಿತ್ತು, ಅದಕ್ಕೆ ಆ ಒರಟುತನ ಬಂದದ್ದೇಕೆ ಎಂಬುದನ್ನು ಅರಿತರೆ ಆಯ್ಕೆಯೂ ಸುಲಭವಾಗುತ್ತದೆ.

ಹಳೆಯ ಅಡುಗೆಮನೆಯಲ್ಲಿ ಕಪಾಟು ಎಂಬುದು ಅಪರೂಪ. ದಪ್ಪ ಗೋಡೆಯಲ್ಲೇ ಬಿಟ್ಟ ಗೂಡು, ತೊಲೆಗೆ ತೂಗುಬಿಟ್ಟ ನೆಲವು, ಕಾಳಿಗೆ ಮಣ್ಣಿನ ವಾಡೆ ಇವೇ ಸಂಗ್ರಹದ ಏರ್ಪಾಡು. ತುಪ್ಪ, ಬೆಲ್ಲ ಇಡುವ ಗೂಡಿಗೆ ಮಾತ್ರ ಪುಟ್ಟ ಕದ ಇರುತ್ತಿತ್ತು. ಪದಗಳೇ ಈ ಕಥೆಯನ್ನು ಹೇಳುತ್ತವೆ. ‘ಕಪಾಟ’ ಎಂದರೆ ಸಂಸ್ಕೃತದಲ್ಲಿ ಕದ. ನಮ್ಮಲ್ಲಿ ಆ ಕದ ಹೊತ್ತ ಪೆಟ್ಟಿಗೆಯೇ ಕಪಾಟಾಯಿತು. ‘ಅಲಮಾರು’, ‘ಚಾವಿ’ ಪೋರ್ಚುಗೀಸರಿಂದ ಬಂದವು. ‘ಅಗಳಿ’ಯಾದರೋ ಸಂಸ್ಕೃತದ ‘ಅರ್ಗಲ’ದಿಂದ ಇಳಿದು ಬಂದ ಬಹು ಹಳೆಯ ಪದ. ಹೀಗಾಗಿ ಇಂದು ಕಪಾಟಿಗೆ ಹಾಕುವ ಹಳೇ ಮಾದರಿಯ ಸಾಮಾನೆಲ್ಲ ಮೂಲತಃ ಮನೆಬಾಗಿಲಿನದು.

ಆ ಬಾಗಿಲಲ್ಲಿಯೂ ಕಬ್ಬಿಣ ಮಿತವಾಗಿತ್ತು. ಇಂದು ಅಂಗಡಿಯಲ್ಲಿ ಹಿಂಜಸ್ ಎಂದು ಕೇಳುವ ಲೋಹದ ಕೀಲು ಅನೇಕ ಹಳೆಯ ಕದಗಳಿಗೆ ಇರಲೇ ಇಲ್ಲ. ಕದದ ಅಂಚಿನಲ್ಲೇ ಮೇಲಕ್ಕೂ ಕೆಳಕ್ಕೂ ಬಿಟ್ಟ ಮರದ ತಿರುಗಣಿ, ಹೊಸ್ತಿಲು ಮತ್ತು ಮೇಲಿನ ಪಟ್ಟಿಯ ಕುಳಿಗಳಲ್ಲಿ ಕೂತು ತಿರುಗುತ್ತಿತ್ತು. ಒಳಗಿನ ಅಗಳಿಯೂ ಎಷ್ಟೋ ಕಡೆ ಮರದ್ದೇ. ಎಳೆದಾಟ ತಡೆಯಬೇಕಾದ ಸರಪಳಿ ಚಿಲಕ, ಬಳೆ, ಮೊಳೆಗಳಿಗೆ ಮಾತ್ರ ಕಬ್ಬಿಣ ಬಳಸುತ್ತಿದ್ದರು. ಅದು ದುಡಿಮೆಯಿಂದ ದಕ್ಕುವ, ಜೋಪಾನ ಮಾಡಬೇಕಾದ ವಸ್ತುವಾಗಿತ್ತು.

ಎಷ್ಟು ದುಡಿಮೆ ಎಂಬುದಕ್ಕೆ ಬರಹದ ಸಾಕ್ಷ್ಯವಿದೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಳೆಗಾಲದಲ್ಲಿ ಹಳ್ಳಗಳಲ್ಲಿ ಹರಿದು ಬರುವ ಕಪ್ಪು ಮರಳನ್ನು ತೊಳೆದು, ಇದ್ದಿಲಿನೊಂದಿಗೆ ಕುಲುಮೆಯಲ್ಲಿ ಕಾಯಿಸಿ ಕಬ್ಬಿಣ ತೆಗೆಯುವ ಕ್ರಮವನ್ನು ವಿವರವಾಗಿ ದಾಖಲಿಸಿದ್ದಾನೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಕಬ್ಬಿಣ ಕರಗಿಸುವ ಸೀಮೆಗಳಲ್ಲಿ ಶಿವಮೊಗ್ಗ ಜಿಲ್ಲೆಯ ಪೂರ್ವ ಭಾಗವನ್ನೂ ಚಿತ್ರದುರ್ಗ ಜಿಲ್ಲೆಯನ್ನೂ ಹೆಸರಿಸುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ಅಂದರೆ ಈ ಊರುಗಳ ಆಸುಪಾಸಿನಲ್ಲೇ ಕಬ್ಬಿಣ ಹುಟ್ಟುತ್ತಿತ್ತು.

ಆ ಕಬ್ಬಿಣ ಎರಕದ್ದಲ್ಲ. ಮೆತ್ತಗಾದ ಗಟ್ಟಿಯನ್ನು ಬಡಿದು ಬಡಿದು ಕಿಟ್ಟ ಹೊರಹಾಕಿದ ಬಡಿಗಬ್ಬಿಣ. ಅದನ್ನು ಊರಿನ ಕಮ್ಮಾರ ಮತ್ತೆ ತಿದಿಯೊತ್ತಿ ಕಾಯಿಸಿ ಅಡಿಗಲ್ಲಿನ ಮೇಲೆ ತಟ್ಟುತ್ತಿದ್ದ. ಆಯಗಾರರಲ್ಲಿ ಒಬ್ಬನಾದ ಅವನಿಗೆ ಸುಗ್ಗಿಯ ಕಣದಲ್ಲಿ ಕಾಳಿನ ಪಾಲು ಸಲ್ಲುತ್ತಿತ್ತು. ಚಿಲಕದ ಮೈಮೇಲಿನ ತಗ್ಗುದಿಣ್ಣೆ ಅಲಂಕಾರವಲ್ಲ, ಸುತ್ತಿಗೆಯ ಪೆಟ್ಟಿನ ಗುರುತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರೈಲುಗಳು ಬಂದವು. ಹಡಗಿನಲ್ಲಿ ಬಂದ ಅಗ್ಗದ ವಿಲಾಯಿತಿ ಪಟ್ಟಿ ಒಳನಾಡಿಗೂ ತಲುಪಿ, ಕಾಡಿನ ಇದ್ದಿಲನ್ನು ನಂಬಿದ ಸಣ್ಣ ಕುಲುಮೆಗಳು ಆರಿದವು. ಚನ್ನಗಿರಿಗೆ ನೆರೆಯ ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಸರ್ಕಾರದ ಕಾರ್ಖಾನೆ ಕಬ್ಬಿಣ ತೆಗೆಯಲಾರಂಭಿಸಿತು. ಅಲ್ಲಿಯೂ ಮೊದಲಿಗೆ ಉರಿದದ್ದು ಮರದ ಇದ್ದಿಲೇ. ಆದರೆ ಅದು ದೊಡ್ಡ ಊದುಕುಲುಮೆ. ಕಮ್ಮಾರ ಉಳಿದನಾದರೂ ಅವನ ಕೈಗೆ ಬಂದದ್ದು ಕಾರ್ಖಾನೆಯ ಪಟ್ಟಿ.

ಆದ್ದರಿಂದ ಹಳ್ಳಿಯ ಮಾದರಿ ಎಂದು ಮಾರುವ ಸಾಮಾನನ್ನು ನಾಲ್ಕು ಬಗೆಯಲ್ಲಿ ಪರೀಕ್ಷಿಸಬಹುದು. ಒಂದು, ಅಯಸ್ಕಾಂತ ಅಂಟದಿದ್ದರೆ ಅದು ಕಪ್ಪು ಬಳಿದ ಸತುವಿನ ಅಥವಾ ಅಲ್ಯೂಮಿನಿಯಂ ಎರಕವಿರಬಹುದು. ಎರಡು, ಹತ್ತು ಬಳೆಗಳ ಮೇಲೂ ತಗ್ಗುಗಳು ಒಂದೇ ಕಡೆ ಇದ್ದರೆ ಅವು ಅಚ್ಚಿನವು. ಮೂರು, ಕಪಾಟಿನ ಕದ ತೆಳು. ಮನೆಬಾಗಿಲ ಚಿಲಕದ ಭಾರವನ್ನು ಅದು ಬಹುಕಾಲ ತಾಳದು, ಸಣ್ಣದೇ ಮೇಲು. ನಾಲ್ಕು, ಹಬೆ, ಉಪ್ಪು, ಹುಣಸೆರಸದ ಕೈ ತಗಲುವ ಕಡೆ ಬರಿಯ ಕಬ್ಬಿಣ ತುಕ್ಕು ಹಿಡಿಯುತ್ತದೆ. ಕಾದ ಕಬ್ಬಿಣವನ್ನು ಎಣ್ಣೆಯಲ್ಲಿ ಅದ್ದಿದರೆ ಬರುವ ಕಪ್ಪು ಲೇಪ, ಆಗಾಗ ಒರೆಸುವ ಎಣ್ಣೆ ಅಥವಾ ಮೇಣ ಅದನ್ನು ಕಾಯುತ್ತದೆ. ಒಲೆ, ನೀರಿನ ತೊಟ್ಟಿಯ ಬಳಿ ಹಿತ್ತಾಳೆ ಒಳ್ಳೆಯದು.

ಇದರಲ್ಲಿ ಅಭಿರುಚಿಯಷ್ಟೇ ಅಲ್ಲ, ಬದುಕಿನ ಪ್ರಶ್ನೆಯೂ ಇದೆ. ಹಳೆ ಮನೆ ಕೆಡವಿದಾಗ ಅಗಳಿ, ಚಿಲಕಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ; ಅದೇ ಮನೆಯವರು ಅವುಗಳ ನಕಲನ್ನು ಪೇಟೆಯಿಂದ ಹೆಚ್ಚು ಬೆಲೆ ತೆತ್ತು ತರುತ್ತಾರೆ. ಟ್ರ್ಯಾಕ್ಟರ್ ಬಂದು ನೇಗಿಲ ಕುಳ ತಟ್ಟುವ ಕೆಲಸ ಕುಗ್ಗಿದ ಮೇಲೆ ಕಮ್ಮಾರರ ಮಕ್ಕಳು ಬೇರೆ ಕಸುಬು ಹಿಡಿಯುತ್ತಿದ್ದಾರೆ. ಮನೆ ಕೆಡವುವ ಮುನ್ನ ಚಿಲಕಗಳನ್ನು ಬಿಚ್ಚಿಟ್ಟುಕೊಂಡು, ಕಪಾಟಿಗೆ ಬೇಕಾದ ಹತ್ತು ಬಳೆಗಳನ್ನು ಹತ್ತಿರದ ಕುಲುಮೆಯಲ್ಲೇ ಮಾಡಿಸಿದರೆ, ಮನೆಗೆ ಬರುವುದು ನಕಲಲ್ಲ, ಅಸಲು. ಕಮ್ಮಾರನಿಗೂ ನಾಲ್ಕು ದಿನದ ಕೂಲಿ ಹುಟ್ಟುತ್ತದೆ.